ಓದುವ ಕೋಣೆಯಲ್ಲಿ ಮಾತಿಗೂ ಒಂದು ಸಂಜೆ

ಸಾರ್ವಜನಿಕ ಗ್ರಂಥಾಲಯದಲ್ಲಿ ಇತಿಹಾಸ, ಸಾಹಿತ್ಯ, ಕಲೆ, ಕಾನೂನು ಬಲ್ಲವರೊಬ್ಬರು ಊರ ಜನರ ಮುಂದೆ ಕೂತು ಮಾತಾಡುವುದು, ಮಾತು ಮುಗಿದ ಮೇಲೆ ಕೇಳಿದವರು ಎದ್ದು ಪ್ರಶ್ನೆ ಹಾಕುವುದು ಹೊರದೇಶಗಳ ಎಷ್ಟೋ ಊರುಗಳಲ್ಲಿ ವಾರದ ರೂಢಿ. ರಾಯಚೂರು ನಗರ, ಅದೇ ಜಿಲ್ಲೆಯ ದೇವದುರ್ಗ, ಮಾನ್ವಿಗಳಲ್ಲಿ ಉಪನ್ಯಾಸಗಳಿಗೇನೂ ಬರವಿಲ್ಲ. ಆದರೆ ಅವು ಮಠದ ಅಂಗಳದಲ್ಲಿ, ಕನ್ನಡ ಭವನದಲ್ಲಿ, ಕಾಲೇಜಿನ ಸಭಾಂಗಣದಲ್ಲಿ ನಡೆಯುತ್ತವೆ; ಪುಸ್ತಕಗಳು ಗ್ರಂಥಾಲಯದಲ್ಲಿ ಇರುತ್ತವೆ. ಎರಡೂ ಒಂದೇ ಊರಲ್ಲಿದ್ದು ಒಂದನ್ನೊಂದು ಅಪರೂಪಕ್ಕೆ ಮುಖಾಮುಖಿಯಾಗುತ್ತವೆ.

ಇದು ಬರೀ ಜಾಗದ ಮಾತಲ್ಲ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812, ಸಾಕ್ಷರತೆ ಶೇ 59.56. ರಾಜ್ಯದಲ್ಲಿ ಇದಕ್ಕಿಂತ ಕೆಳಗಿದ್ದದ್ದು ಯಾದಗಿರಿ ಒಂದೇ. ಏಳು ವರ್ಷ ದಾಟಿದ ಹತ್ತು ಮಂದಿಯಲ್ಲಿ ನಾಲ್ವರು ಓದು ಬಾರದವರಾಗಿದ್ದ ಜಿಲ್ಲೆಯಲ್ಲಿ, ಪುಸ್ತಕ ಕೊಟ್ಟು ಪುಸ್ತಕ ತೆಗೆದುಕೊಳ್ಳುವುದಷ್ಟೇ ಗ್ರಂಥಾಲಯದ ಕೆಲಸ ಎಂದುಕೊಂಡರೆ ಆ ನಾಲ್ವರಿಗೆ ಅದರ ಬಾಗಿಲು ಮುಚ್ಚಿದಂತೆಯೇ. ಕಿವಿಯಿಂದ ಕಲಿಯುವವರಿಗೆ ಗ್ರಂಥಾಲಯ ಕೊಡಬಹುದಾದದ್ದು ಮಾತು. ಹೀಗಾಗಿ ಬೇರೆ ಕಡೆ ಹೆಚ್ಚುವರಿ ಸೇವೆ ಎನಿಸುವ ಉಪನ್ಯಾಸ, ಚರ್ಚೆಗಳು ಈ ಸೀಮೆಯಲ್ಲಿ ಮೂಲ ಸೇವೆಯಾಗಬೇಕು.

ಕೇಳಿ ಕಲಿಯುವ ಅಭ್ಯಾಸ ಇಲ್ಲಿಗೆ ಹೊಸದಲ್ಲ. ಶ್ರಾವಣ ಬಂದರೆ ಊರೂರಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದಿ, ಇನ್ನೊಬ್ಬರು ಅರ್ಥ ಹೇಳಿ, ನಡುನಡುವೆ ಹಾರ್ಮೋನಿಯಂ ತಬಲಾ ಸೇರಿ, ಕಲಬುರಗಿಯ ಶರಣಬಸವೇಶ್ವರರ ಪುರಾಣವೋ ಮತ್ತೊಬ್ಬ ಶರಣರ ಚರಿತೆಯೋ ದಿನಕ್ಕಷ್ಟು ಸಾಗಿ ಕೊನೆಗೆ ಪುರಾಣ ಮಂಗಲವಾಗುತ್ತದೆ. ಭಜನೆ ಮನೆಗಳಲ್ಲಿ ತತ್ವಪದ, ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದಗಳು, ನಗರದ ಉರ್ದು ಬಲ್ಲವರ ನಡುವೆ ಮುಷಾಯಿರಾ, ಹೆಂಗಸರ ಮಂಡಳಿಗಳಲ್ಲಿ ದಾಸರ ಪದ. ಓದು ಬಾರದವರು ಕಂಠಪಾಠದಿಂದ ಹತ್ತಾರು ಪದ ಹೇಳಿ ಒಂದೊಂದರ ಒಳಾರ್ಥ ಬಿಡಿಸುವುದು ಈ ಭಾಗದಲ್ಲಿ ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಒಂದು ಕೊರತೆ ಮಾತ್ರ ಇದೆ. ಪುರಾಣದ ಸಭೆಯಲ್ಲಿ ಕೇಳುಗರು ತಲೆದೂಗಬಹುದು, ಕಣ್ಣೀರು ಹಾಕಬಹುದು; ಎದ್ದು ನಿಂತು ‘ಇದು ಹೌದೇ?’ ಎಂದು ಕೇಳುವ ಪದ್ಧತಿ ಇಲ್ಲ. ಗ್ರಂಥಾಲಯದ ಮಾತುಕತೆ ಸೇರಿಸಬೇಕಾದದ್ದು ಈ ಪ್ರಶ್ನೆಯ ಹಕ್ಕನ್ನು.

ಪುಸ್ತಕ ಮತ್ತು ಪಾಠ ಒಂದೇ ಸೂರಿನಡಿ ಇದ್ದ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ ಕ್ರಿ.ಶ. 1058ರ ಶಾಸನದಲ್ಲಿ ಗುರುಗಳು, ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಸರಸ್ವತೀ ಭಾಂಡಾರಿಗರ ಹೆಸರೂ ಬರುತ್ತದೆ. ಪುಸ್ತಕ ಭಂಡಾರ ನೋಡಿಕೊಳ್ಳುವ ಇವರಿಗೂ ದತ್ತಿಯಲ್ಲಿ ಪಾಲಿತ್ತು. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದನ್ನು ಒಬ್ಬರೇ ಮೇಲ್ವಿಚಾರಕರು ನಡೆಸುವುದನ್ನು ಕಂಡರೆ ಕಲ್ಯಾಣ ಚಾಲುಕ್ಯರ ಕಾಲದ ಸಿಬ್ಬಂದಿ ಬಲ ಹೊಟ್ಟೆಕಿಚ್ಚು ತರಿಸುವಂಥದ್ದು.

ಅನುಮತಿ ಬೇಡುವ ಕಾಲ

ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1920ರ ದಶಕದಲ್ಲಿ ಹೊರಟ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ, ಸಾರ್ವಜನಿಕ ಸಭೆ ಕರೆಯುವ ಮೊದಲು ಸರ್ಕಾರದ ಅನುಮತಿ ಬೇಕೆಂದು ವಿಧಿಸಿತು. ಸಂಸ್ಥಾನದ ತೆಲುಗು ಭಾಗದಲ್ಲಿ ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಗ್ರಂಥಾಲಯವೂ ಒಂದು. ಹೈದರಾಬಾದಿನ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ 1901ರಲ್ಲೇ ಶುರುವಾಗಿತ್ತು. ಅದರ ಹಾದಿಯಲ್ಲಿ ಊರೂರಿಗೆ ಹಬ್ಬಿದ ವಾಚನಾಲಯಗಳು ಪತ್ರಿಕೆ ಓದುವ ನೆಪದಲ್ಲಿ ಜನ ಸೇರುವ ಜಾಗಗಳಾದವು. ಕನ್ನಡ ಜಿಲ್ಲೆಗಳಲ್ಲಿ ಆ ಕೆಲಸವನ್ನು ಹೆಚ್ಚಾಗಿ ಶಾಲೆಗಳೂ ಕನ್ನಡ ಸಂಘಗಳೂ ಮಾಡಿದವು. ಮಂಗಳೂರಿನ ಕಡೆಯಿಂದ ಬಂದ ಪಂಡಿತ ತಾರಾನಾಥರು (1891–1942) ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ ಇದರ ದೊಡ್ಡ ನಿದರ್ಶನ. ವೈದ್ಯ, ಶಿಕ್ಷಣ, ಸಂಗೀತ, ರಾಷ್ಟ್ರೀಯತೆ ಎಲ್ಲವನ್ನೂ ಒಟ್ಟಿಗೆ ನಡೆಸಿದ ಅವರು ನಿಜಾಮ ಸರ್ಕಾರದ ಕಣ್ಣಿಗೆ ಬಿದ್ದು ಊರು ಬಿಡಬೇಕಾಯಿತು. ಮುಂದೆ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದರು. ಸರೋದ್ ವಾದಕ ರಾಜೀವ ತಾರಾನಾಥರು ಅವರ ಮಗ.

ಇಂಥ ವಾತಾವರಣದಲ್ಲೇ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. 1956ರಲ್ಲಿ ಮತ್ತೊಮ್ಮೆ ನಡೆದ ಮೇಲೆ ಸಮ್ಮೇಳನ ಈ ಊರಿಗೆ ಬಂದದ್ದು 2016ರ ಡಿಸೆಂಬರ್‌ನಲ್ಲಿ, ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ. ನಡುವೆ ಅರವತ್ತು ವರ್ಷ. ನಾಡಿನ ಮಾತು ಊರಿಗೆ ಬರುವುದನ್ನೇ ಕಾದು ಕೂತರೆ ಇಷ್ಟು ಕಾಯಬೇಕಾಗುತ್ತದೆ.

ಇದೇ ಕಾಲದಲ್ಲಿ ಪಕ್ಕದ ಮೈಸೂರು ಸಂಸ್ಥಾನದ ಚಿತ್ರವೇ ಬೇರೆ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸಗಳನ್ನು ಆರಂಭಿಸಿ ಅಧ್ಯಾಪಕರನ್ನು ಸಣ್ಣ ಊರುಗಳಿಗೆ ಕಳಿಸಿತು. ಆ ಉಪನ್ಯಾಸಗಳು ಸಣ್ಣ ಪುಸ್ತಿಕೆಗಳಾಗಿ ಅಗ್ಗದ ಬೆಲೆಗೆ ಅಚ್ಚಾದವು. ಒಂದೇ ಭಾಷೆಯ ಜನ; ಒಂದು ಕಡೆ ವಿಶ್ವವಿದ್ಯಾಲಯವೇ ಹಳ್ಳಿಗೆ ಹೋಗುತ್ತಿತ್ತು, ಇನ್ನೊಂದು ಕಡೆ ಸಭೆಗೆ ಅನುಮತಿ ಚೀಟಿ ಬೇಕಿತ್ತು. ಕಲ್ಯಾಣ ಕರ್ನಾಟಕದ ಹಿಂದುಳಿಯುವಿಕೆಯನ್ನು ರಸ್ತೆ, ಆಸ್ಪತ್ರೆ, ನೀರಾವರಿಗಳಲ್ಲಿ ಅಳೆಯುವವರು ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾನೂನು, ಕರ, ಕಟ್ಟಡ

ಹೈದರಾಬಾದ್ ರಾಜ್ಯ 1955ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಮರುವರ್ಷ ಆ ರಾಜ್ಯವೇ ಉಳಿಯಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬಂದದ್ದು 1965ರಲ್ಲಿ. ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು, ಕೇಂದ್ರ ಗ್ರಂಥಾಲಯ, ಅದರಡಿ ಶಾಖೆಗಳು ಎಂಬ ಚೌಕಟ್ಟು ಈ ಕಾಯ್ದೆಯದು. ಇದರ ಜೀವಾಳ ಗ್ರಂಥಾಲಯ ಕರ. ಮನೆ, ಕಟ್ಟಡಗಳ ತೆರಿಗೆಯ ಪ್ರತಿ ರೂಪಾಯಿಗೆ ಮೊದಲು ಮೂರು ಪೈಸೆ ಇದ್ದದ್ದು ಮುಂದೆ ಆರು ಪೈಸೆಯಾಯಿತು. ಅಂದರೆ ಆಸ್ತಿ ತೆರಿಗೆ ಕಟ್ಟುವ ಪ್ರತಿ ಮನೆಯವರೂ, ತಿಳಿದೋ ತಿಳಿಯದೆಯೋ, ಗ್ರಂಥಾಲಯಕ್ಕೂ ಕಟ್ಟುತ್ತಿದ್ದಾರೆ. ಹೀಗೆ ವಸೂಲಾದದ್ದು ಸ್ಥಳೀಯ ಸಂಸ್ಥೆಯ ಖಾತೆಯಿಂದ ಗ್ರಂಥಾಲಯದ ಖಾತೆಗೆ ಹೊತ್ತಿಗೆ ಸರಿಯಾಗಿ ದಾಟುವುದಿಲ್ಲ ಎಂಬುದು ರಾಜ್ಯದುದ್ದಕ್ಕೂ ಇರುವ ಹಳೆಯ ದೂರು.

ಹಳ್ಳಿಯ ಮಟ್ಟದಲ್ಲಿ ದೊಡ್ಡ ಬದಲಾವಣೆ ಆದದ್ದು 2019ರಲ್ಲಿ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ‘ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ ಎಂಬ ಹೆಸರು ಬಂತು, ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕತೆ ಹೇಳುವುದು, ಗಟ್ಟಿಯಾಗಿ ಓದುವುದು, ಓದಿದ್ದನ್ನು ಕುರಿತು ಮಾತಾಡುವುದು ಇದರ ಭಾಗ. ಗ್ರಂಥಾಲಯ ಎಂದರೆ ಸದ್ದು ಮಾಡಬಾರದ ಜಾಗ ಎಂಬ ನಿಯಮವನ್ನು ಹಳ್ಳಿಯ ಮಕ್ಕಳು ಮುರಿದದ್ದು ಹೀಗೆ. ದೊಡ್ಡವರ ಸರದಿ ಇನ್ನೂ ಪೂರ್ತಿ ಬಂದಿಲ್ಲ.

ನಗರದಲ್ಲಿ ಆ ನಿಯಮ ಮುರಿಯುವುದು ಕಷ್ಟ, ಅದಕ್ಕೆ ಕಾರಣವೂ ನ್ಯಾಯವಾದದ್ದೇ. ಜಿಲ್ಲಾ, ತಾಲ್ಲೂಕು ಕೇಂದ್ರಗಳ ಗ್ರಂಥಾಲಯದ ಮೇಜುಗಳಲ್ಲಿ ಈಗ ಹೆಚ್ಚಾಗಿ ಕಾಣುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರು. ಪಿಡಿಒ, ಪಿಎಸ್‌ಐ, ಶಿಕ್ಷಕ ಹುದ್ದೆಗಳಿಗೆ ತಯಾರಾಗುವ ಇವರಿಗೆ ಬೇಕಾದದ್ದು ಕುರ್ಚಿ, ಫ್ಯಾನು, ನಿಶ್ಶಬ್ದ. ಸಣ್ಣ ಮನೆಯಲ್ಲಿ ಓದಲು ಮೂಲೆ ಸಿಗದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಂಥ ಕೋಣೆಯಲ್ಲಿ ಮೈಕು ಹಚ್ಚಿದರೆ ಜಗಳ ಖಂಡಿತ. ಆದ್ದರಿಂದ ಮಾತಿಗೆ ಬೇರೆ ಕೋಣೆ, ಇಲ್ಲವೇ ವಾರಕ್ಕೊಂದು ಗೊತ್ತಾದ ಹೊತ್ತು ಬೇಕು. ಹೊಸ ಕಟ್ಟಡಗಳ ನಕ್ಷೆ ಬರೆಯುವಾಗಲೇ ಐವತ್ತು ಜನ ಕೂರುವ ಒಂದು ಕೋಣೆಯನ್ನು ಸೇರಿಸುವುದು ಆಮೇಲೆ ಪಡುವ ಎಲ್ಲ ಪಾಡಿಗಿಂತ ಅಗ್ಗ.

ಹಣ ಎಲ್ಲಿಂದ? ಕನ್ನಡದಲ್ಲಿ ಇದಕ್ಕೆ ಹಳೆಯ ಉಪಾಯವೊಂದಿದೆ: ದತ್ತಿ ಉಪನ್ಯಾಸ. ತಂದೆಯ ಹೆಸರಲ್ಲೋ ಗುರುವಿನ ಹೆಸರಲ್ಲೋ ಒಬ್ಬರು ಕನ್ನಡ ಸಾಹಿತ್ಯ ಪರಿಷತ್ತಿಗೆ ಇಡುಗಂಟು ಕೊಡುತ್ತಾರೆ; ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ, ದಾನಿ ಸೂಚಿಸಿದ ವಿಷಯದ ಮೇಲೆ ಉಪನ್ಯಾಸ ನಡೆಯುತ್ತದೆ. ಜಿಲ್ಲಾ, ತಾಲ್ಲೂಕು ಘಟಕಗಳ ಬಹುಪಾಲು ಕಾರ್ಯಕ್ರಮಗಳು ನಿಂತಿರುವುದೇ ಇದರ ಮೇಲೆ. ಬಡ್ಡಿದರ ಇಳಿದು, ಮೂವತ್ತು ವರ್ಷದ ಹಿಂದಿನ ಇಡುಗಂಟು ಇಂದು ಅತಿಥಿಯ ಬಸ್ ಚಾರ್ಜಿಗೂ ಸಾಲದಂತಾಗಿರುವುದು ನಿಜ. ಆದರೂ ಇದರಲ್ಲೊಂದು ಗಟ್ಟಿತನವಿದೆ. ಕರ್ನಾಟಕದ ಗ್ರಂಥಾಲಯ ಕಾಯ್ದೆ ಬಂದ 1965ರಲ್ಲೇ ಅಮೆರಿಕ ಇತಿಹಾಸ, ಸಾಹಿತ್ಯದಂಥ ಮಾನವಿಕ ವಿಷಯಗಳಿಗೆ ರಾಷ್ಟ್ರೀಯ ನಿಧಿಯೊಂದನ್ನು ಸ್ಥಾಪಿಸಿತು. ಅಲ್ಲಿನ ಪ್ರತಿ ರಾಜ್ಯದ ಮಾನವಿಕ ಪರಿಷತ್ತು ಆ ಹಣದಿಂದ ಊರ ಗ್ರಂಥಾಲಯಗಳಿಗೆ ಭಾಷಣಕಾರರನ್ನು ಕಳಿಸುತ್ತ ಬಂತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಆ ಅನುದಾನಗಳನ್ನು ಏಕಾಏಕಿ ನಿಲ್ಲಿಸಿದಾಗ ಎಷ್ಟೋ ಕಾರ್ಯಕ್ರಮಗಳು ನಡುದಾರಿಯಲ್ಲಿ ನಿಂತವು. ಸಣ್ಣ ಸಣ್ಣ ದತ್ತಿಗಳ ಬಡ್ಡಿ ಕರಗಬಹುದು, ಒಂದು ಆದೇಶದಿಂದ ಒಂದೇ ದಿನ ಎಲ್ಲವೂ ನಿಲ್ಲುವುದಿಲ್ಲ. ಕೇರಳದ್ದು ಮೂರನೆಯ ದಾರಿ: ಊರವರೇ ಚುನಾಯಿಸಿದ ಸಮಿತಿಗಳು ಗ್ರಂಥಾಲಯ ನಡೆಸುತ್ತವೆ, ಸರ್ಕಾರ ಅನುದಾನ ಕೊಡುತ್ತದೆ. ಪಿ.ಎನ್. ಪಣಿಕ್ಕರ್ ಅವರ ಶ್ರಮದಿಂದ 1945ರಲ್ಲಿ ಹುಟ್ಟಿದ ಗ್ರಂಥಾಲಯ ಸಂಘ ಅದರ ಬೇರು. ನಮ್ಮಲ್ಲಿ ದತ್ತಿ ಸಾಹಿತ್ಯ ಪರಿಷತ್ತಿನಲ್ಲಿದೆ, ಕಟ್ಟಡ ಗ್ರಂಥಾಲಯದ್ದಿದೆ. ಎರಡನ್ನೂ ಕೂಡಿಸಲು ರಾಯಚೂರಿನಲ್ಲಿ ಹೊಸ ಕಾನೂನೇನೂ ಬೇಕಾಗಿಲ್ಲ.

ಏನು ಮಾತಾಡಬೇಕು

ವಿಷಯಕ್ಕೆ ಈ ಸೀಮೆ ಬಡವಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ 1294ರ ತೆಲುಗು ಶಾಸನ, ಕಾಕತೀಯರ ಅಧೀನನಾಗಿದ್ದ ಗೋರೆ ಗನ್ನಯ್ಯ ರೆಡ್ಡಿಯ ಕೈಕೆಳಗಿನ ವಿಠಲನಾಥ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಪಕ್ಕದಲ್ಲೇ ಕೊರೆದಿದ್ದಾರೆ. 1520ರಲ್ಲಿ ಇದೇ ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನಿಗೂ ನಡೆದ ಯುದ್ಧದಲ್ಲಿ ಪೋರ್ಚುಗೀಸ್ ಬಂದೂಕುಗಾರರು ವಿಜಯನಗರದ ಪರ ಇದ್ದರು. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ಪ್ರಕಟಿಸಿದ ‘ಪವರ್, ಮೆಮೊರಿ, ಆರ್ಕಿಟೆಕ್ಚರ್’ ಗ್ರಂಥ ದಖನ್ನಿನ ಕೆಲವೇ ಊರುಗಳನ್ನು ಆರಿಸಿಕೊಂಡು ಬರೆದದ್ದು, ಅವುಗಳಲ್ಲಿ ರಾಯಚೂರೂ ಒಂದು. ಪುಸ್ತಕ ಇಂಗ್ಲಿಷಿನದು, ದುಬಾರಿ. ಕೋಟೆಯ ಮಗ್ಗುಲಲ್ಲೇ ಬದುಕುವವರಿಗೆ ತಮ್ಮ ಗೋಡೆಯ ಬಗ್ಗೆ ಹೊರಗಿನ ವಿದ್ವಾಂಸರು ಕಂಡುಕೊಂಡದ್ದು ತಿಳಿಯಬೇಕಾದರೆ, ಯಾರಾದರೂ ಓದಿ ಕನ್ನಡದಲ್ಲೋ ದಖನಿಯಲ್ಲೋ ಹೇಳಬೇಕು. ನವರಂಗ ದರ್ವಾಜಾದ ವಸ್ತುಸಂಗ್ರಹಾಲಯಕ್ಕೂ ಗ್ರಂಥಾಲಯಕ್ಕೂ ಒಂದೇ ಕಾರ್ಯಕ್ರಮವಾದರೆ ಮೊದಲ ಅರ್ಧ ಮಾತು, ಉಳಿದರ್ಧ ನಡಿಗೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಶಾಸನ, ‘ದೇವಾನಾಂಪ್ರಿಯ’ ಎಂಬವನು ಅಶೋಕನೇ ಎಂದು ಲೋಕಕ್ಕೆ ತೋರಿಸಿಕೊಟ್ಟದ್ದು, ಇದೇ ಜಿಲ್ಲೆಯದು.

ಮಾನ್ವಿಯಲ್ಲಿ ವಿಷಯ ಹುಡುಕುವ ಅಗತ್ಯವೇ ಇಲ್ಲ. ಜಗನ್ನಾಥದಾಸರು (1728–1809) ಈ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ವಿಜಯದಾಸರ ಚೀಕಲಪರವಿಯೂ ಮಾನ್ವಿ ಸೀಮೆಯದೇ. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆ. ಹದಿನೆಂಟನೆಯ ಶತಮಾನದಲ್ಲಿ ಪುರಂದರ, ಕನಕರ ನಂತರದ ದಾಸಸಾಹಿತ್ಯದ ಎರಡನೆಯ ಅಲೆ ಎದ್ದದ್ದು ಈ ಎರಡು ತಾಲ್ಲೂಕುಗಳ ನಡುವೆ. ಈ ಪದಗಳು ಅಚ್ಚಿಗೆ ಬರಲು ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಮನೆಮನೆಯ ಹಸ್ತಪ್ರತಿಗಳನ್ನು ಕೂಡಿಹಾಕಿ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಪ್ರಕಟಿಸಿದ್ದು ಮುಖ್ಯ ಕಾರಣ. ದಾಸರ ಬಗ್ಗೆ ಆರಾಧನೆಯ ದಿನ ಮಾತು ನಡೆದೇ ನಡೆಯುತ್ತದೆ, ಭಕ್ತಿಯ ಮಾತು. ಗ್ರಂಥಾಲಯದಲ್ಲಿ ನಡೆಯಬಹುದಾದದ್ದು ಇನ್ನೊಂದು ಬಗೆಯದು: ಸಂಸ್ಕೃತದ ಪಂಡಿತ ಶ್ರೀನಿವಾಸಾಚಾರ್ಯ ಜಗನ್ನಾಥದಾಸನಾಗಿ ಕನ್ನಡಕ್ಕೆ ಬಂದದ್ದರ ಸಾಮಾಜಿಕ ಅರ್ಥವೇನು, ಇದೇ ನೆಲದ ತತ್ವಪದಕಾರರಿಗೂ ದಾಸರಿಗೂ ಕೊಡುಕೊಳೆ ಇತ್ತೇ, ಹಾಡಿದವರು ಯಾರು, ಹೊರಗೆ ನಿಂತು ಕೇಳಿದವರು ಯಾರು. ಈ ಕೊನೆಯ ಪ್ರಶ್ನೆಯನ್ನು ಗುಡಿಯಲ್ಲಿ ಕೇಳುವುದು ಕಷ್ಟ. ತೆರಿಗೆಯ ಹಣದಲ್ಲಿ ನಡೆಯುವ, ಯಾವ ಜಾತಿಯವರೂ ಒಳಗೆ ಬಂದು ಕೂರಬಹುದಾದ ಕೋಣೆಯಲ್ಲಿ ಕೇಳಬಹುದು.

ದೇವದುರ್ಗದ ಗ್ರಂಥಾಲಯಕ್ಕೆ ಗಬ್ಬೂರು ಇದೆ. ಅಲ್ಲಿನ ಮಲೆ ಶಂಕರ ಮೊದಲಾದ ಗುಡಿಗಳೂ ಶಾಸನಗಳೂ ಒಂದು ವರ್ಷದ ಮಾತಿಗೆ ಸಾಕು. ಬೇಡ ನಾಯಕರ ಕೋಟೆಯ ನೆನಪೂ ಇದೆ, ಅದು ಇಂದಿನ ವಾಲ್ಮೀಕಿ ಸಮುದಾಯದ ಚರಿತ್ರೆಯ ಪ್ರಶ್ನೆಯೂ ಹೌದು.

ನಗರದ ಇನ್ನೊಂದು ಆಸ್ತಿ ಕನ್ನಡ ಗಜಲ್. ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಪೀಳಿಗೆಗೆ ಆ ಛಂದಸ್ಸು ಕಿವಿಯಲ್ಲೇ ಇತ್ತು. ಹೆಂಬೇರಾಳದ ಶಾಂತರಸರು (1924–2008) ಅದನ್ನು ನಿಯಮ ಸಹಿತ ಕನ್ನಡಕ್ಕೆ ಒಗ್ಗಿಸಿದರು. 2006ರ ಬೀದರ್ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಎಚ್.ಎಸ್. ಮುಕ್ತಾಯಕ್ಕ, ಜಂಬಣ್ಣ ಅಮರಚಿಂತ ಇದೇ ನೆಲದ ಕವಿಗಳು. ಉರ್ದು ಬಲ್ಲ ಹಿರಿಯರೊಬ್ಬರು, ಕನ್ನಡ ಗಜಲ್ ಬರೆಯುವ ಕಿರಿಯರೊಬ್ಬರು ಒಂದೇ ಮೇಜಿಗೆ ಕೂತು ರದೀಫ್, ಕಾಫಿಯಾ ಎಂಬ ಗಜಲ್ ನಿಯಮಗಳ ಮೇಲೆ ವಾದ ಮಾಡಿದರೆ ಅದಕ್ಕಿಂತ ಒಳ್ಳೆಯ ಸಂಜೆಯನ್ನು ಬೆಂಗಳೂರೂ ಕೊಡಲಾರದು. ಕನ್ನಡ, ಉರ್ದು, ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ ಊರಲ್ಲಿ ಚರ್ಚೆ ಒಂದೇ ಭಾಷೆಗೆ ಅಂಟಬೇಕೆಂದು ಹಟ ಹಿಡಿದರೆ ಅರ್ಧ ಜನ ಬಾಯಿ ತೆರೆಯುವುದಿಲ್ಲ.

ಮಾನವಿಕ ಎಂದರೆ ಹಳೆಯದಷ್ಟೇ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಹರಿದು ಬಂದು ಮಾನ್ವಿ, ರಾಯಚೂರು ತಾಲ್ಲೂಕುಗಳಲ್ಲಿ ಮುಗಿಯುತ್ತದೆ. ಕೆಳಭಾಗದ ರೈತರಿಗೆ ನೀರು ತಲುಪದ ಗೋಳು ಪ್ರತಿ ಹಂಗಾಮಿನದು. ಭತ್ತ ಬಂದ ಮೇಲೆ ಜೋಳದ ಊಟ, ಕೂಲಿ, ಒಕ್ಕಲುತನ, ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ಕುಟುಂಬಗಳ ಜೊತೆಗಿನ ಸಂಬಂಧ ಹೇಗೆ ಬದಲಾಯಿತು ಎಂಬುದು ಎಂಜಿನಿಯರ್ ಹೇಳಬಹುದಾದ ಚರಿತ್ರೆಯಲ್ಲ. ಇಲ್ಲಿ ಉಪನ್ಯಾಸಕರಿಗಿಂತ ಸಭಿಕರಿಗೇ ಹೆಚ್ಚು ಗೊತ್ತಿರುತ್ತದೆ. ಗುಳೆಯೂ ಹಾಗೆಯೇ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಬಂದವರು ಮಾತಾಡುವ, ಸಮಾಜಶಾಸ್ತ್ರದ ಅಧ್ಯಾಪಕರು ಕೇಳಿಸಿಕೊಳ್ಳುವ ಸಭೆ ದೇವದುರ್ಗದಲ್ಲಿ ಯಾಕಾಗಬಾರದು?

ನಡೆಸುವ ಬಗೆ ವಿಷಯದಷ್ಟೇ ಮುಖ್ಯ. ನಮ್ಮ ಸಭೆಗಳ ರೂಢಿ ಎಲ್ಲರಿಗೂ ಗೊತ್ತು: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ವೇದಿಕೆಯ ಮೇಲೆ ಹತ್ತು ಜನ, ಒಬ್ಬೊಬ್ಬರಿಗೂ ಶಾಲು ಹಾರ, ಉಪನ್ಯಾಸಕರ ಕೈಗೆ ಮೈಕು ಬರುವ ಹೊತ್ತಿಗೆ ಹಿಂದಿನ ಸಾಲು ಖಾಲಿ. ಅಧ್ಯಕ್ಷೀಯ ನುಡಿ ಮುಗಿದರೆ ವಂದನಾರ್ಪಣೆ, ಅಲ್ಲಿಗೆ ಎಲ್ಲರೂ ಚಹಾದ ಕಡೆ. ಪ್ರಶ್ನೆಗೆ ಜಾಗವೇ ಇಲ್ಲ. ಗ್ರಂಥಾಲಯದ ಮಾತುಕತೆಗೆ ವೇದಿಕೆ ಬೇಡ. ಕುರ್ಚಿಗಳನ್ನು ಸುತ್ತ ಹಾಕಿದರೆ ಸಾಕು. ಮುಕ್ಕಾಲು ಗಂಟೆ ಮಾತು, ಅಷ್ಟೇ ಹೊತ್ತು ಚರ್ಚೆ, ಚರ್ಚೆ ನಡೆಸಲು ಊರಿನ ಒಬ್ಬ ಮೇಷ್ಟ್ರೋ ವಕೀಲರೋ. ವಿಷಯಕ್ಕೆ ಸಂಬಂಧಿಸಿದ ಪುಸ್ತಕಗಳನ್ನು ಅಂದು ಮೇಜಿನ ಮೇಲೆ ಹರಡಿದರೆ ಕೆಲವರಾದರೂ ಮನೆಗೆ ಒಯ್ಯುತ್ತಾರೆ. ಪ್ರತಿ ತಿಂಗಳ ಅದೇ ವಾರ, ಅದೇ ಹೊತ್ತು ಎಂಬ ಖಚಿತತೆ ದೊಡ್ಡ ಹೆಸರಿನ ಅತಿಥಿಗಿಂತ ಹೆಚ್ಚು ಜನರನ್ನು ಕೂಡಿಸುತ್ತದೆ.

ಹೊತ್ತಿನ ಆಯ್ಕೆಯೇ ಯಾರು ಬರುತ್ತಾರೆ ಎಂಬುದನ್ನು ತೀರ್ಮಾನಿಸಿಬಿಡುತ್ತದೆ. ಸಂಜೆ ಆರಕ್ಕೆ ಇಟ್ಟರೆ ಹೆಂಗಸರಿಗೆ ಅಡುಗೆ, ಹಳ್ಳಿಯವರಿಗೆ ಕೊನೆಯ ಬಸ್ಸು. ಮಾನ್ವಿಯಿಂದ ರಾಯಚೂರಿಗೆ ಸುಮಾರು 45 ಕಿಲೋಮೀಟರ್, ದೇವದುರ್ಗದಿಂದ ಅದಕ್ಕೂ ಹೆಚ್ಚು. ನಗರದ ಕಾರ್ಯಕ್ರಮ ತಾಲ್ಲೂಕಿನವರಿಗೆ ಅಲ್ಲ ಎಂದೇ ತಿಳಿಯಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನದ ಸಭೆ ಶಿಕ್ಷೆ. ನಾಟಿಯ ದಿನಗಳಲ್ಲಿ, ಗುಳೆ ಹೋದ ತಿಂಗಳುಗಳಲ್ಲಿ ಹಳ್ಳಿಯ ಅರಿವು ಕೇಂದ್ರಕ್ಕೆ ಬರುವವರು ಮುದುಕರು, ಮಕ್ಕಳು ಮಾತ್ರ. ಆಗ ಅಜ್ಜ ಅಜ್ಜಿಯರು ಹೇಳುವ, ಮಕ್ಕಳು ಬರೆದುಕೊಳ್ಳುವ ಕಾರ್ಯಕ್ರಮವೇ ಹೊಂದುತ್ತದೆ. ನವೆಂಬರ್ 14ರಿಂದ 20ರ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ, ಎಸ್.ಆರ್. ರಂಗನಾಥನ್ ಅವರ ಜನ್ಮದಿನವಾದ ಆಗಸ್ಟ್ 12ರ ಗ್ರಂಥಪಾಲಕರ ದಿನ ಎರಡೂ ಸರ್ಕಾರಿ ಪಂಚಾಂಗದಲ್ಲಿವೆ. ಉಳಿದ ಐವತ್ತು ವಾರಗಳಿಗೆ ಮೇಲಿನಿಂದ ಸುತ್ತೋಲೆ ಬರುವುದಿಲ್ಲ, ಊರವರೇ ಕೇಳಬೇಕು. 2021ರಿಂದ ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯವೂ ಇರುವುದರಿಂದ ಮಾತಾಡುವವರನ್ನು ದೂರದಿಂದ ಕರೆಸುವ ಖರ್ಚು ಮೊದಲಿನಷ್ಟಿಲ್ಲ.

ಇನ್ನು ಆಡಿದ ಮಾತು ಉಳಿಯುವ ಪ್ರಶ್ನೆ. ಮೈಸೂರಿನ ಪ್ರಚಾರೋಪನ್ಯಾಸಗಳು ಪುಸ್ತಿಕೆಗಳಾದ್ದರಿಂದ ಅವನ್ನು ಕೇಳದವರೂ ಓದಿದರು. ಈಗ ಪ್ರತಿ ಸಭೆಯಲ್ಲೂ ಯಾರೋ ಒಬ್ಬರು ಮೊಬೈಲಿನಲ್ಲಿ ಹಿಡಿಯುತ್ತಾರೆ, ಅದು ಅವರ ಫೋನಿನಲ್ಲೇ ಉಳಿದು ಜಾಗ ಸಾಲದಾದಾಗ ಅಳಿಸಿಹೋಗುತ್ತದೆ. ಗ್ರಂಥಾಲಯದಲ್ಲಿ ನಡೆದ ಮಾತಿನ ಧ್ವನಿಮುದ್ರಿಕೆಗೆ ಪುಸ್ತಕಕ್ಕೆ ಕೊಟ್ಟಂತೆಯೇ ಒಂದು ನೋಂದಣಿ ಸಂಖ್ಯೆ, ವಿಷಯ, ದಿನಾಂಕ, ಮಾತಾಡಿದವರ ಹೆಸರು ಬರೆದು ಅಲ್ಲಿನ ಕಂಪ್ಯೂಟರಿನಲ್ಲಿಟ್ಟರೆ, ಕೆಳಭಾಗದ ರೈತನ ನೀರಿನ ಕತೆಯೂ ತತ್ವಪದದ ಅರ್ಥವೂ ಓದು ಬಾರದವರಿಗೆ ಕೇಳಲು ಸಿಗುತ್ತವೆ. ಮುಂದೆ ಈ ಸೀಮೆಯ ಚರಿತ್ರೆ ಬರೆಯುವವರಿಗೆ ಆಕರವೂ ಆಗುತ್ತವೆ.